ಮುಳುಗದ ಊರಿಗೆ ಹರಿಗೋಲು

ಹಿರೇಹೊಳಲು,
ಆಗಸ್ಟ್ ಹದಿನಾಲ್ಕೂವರೆ, 2291

ಹಿಂದಿನ ಕಾಲದ ಹಿರಿಯರಿಗೆ ದಾನವ್ವ ಮಾಡುವ ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸ್ವಾತಂತ್ರ್ಯದ ದಿನಕ್ಕೆ ಮುಂಚೆ ನಾವು ಒಂದು ದಿನ ಸೇರಿಸಿಕೊಂಡಿದ್ದೇವೆ, ಅದನ್ನು ‘ಆಗದ ದಿನ’ ಎನ್ನುತ್ತೇವೆ. ದೇಶದಲ್ಲಿ ಆದದ್ದನ್ನು ಮರುದಿನ ನೆನೆಯುತ್ತೇವೆ. ಆಗಬಹುದಾಗಿದ್ದೂ ಆಗದೆ ಹೋದದ್ದನ್ನು ಈ ದಿನ ಆಡಿ ತೋರಿಸುತ್ತೇವೆ. ಊರಿಗೊಂದು ಪಾಲು. ಪಕ್ಕದ ಊರಿನದು ಹಾಕದೇ ಉಳಿದ ರೈಲುಹಾದಿ. ಅವರು ಗಂಟುಮೂಟೆ ಹಿಡಿದು ಬಯಲಲ್ಲಿ ಗಾಡಿಗೆ ಕಾಯುತ್ತಾರೆ, ತಡವಾಯಿತೆಂದು ಬೈಯುತ್ತಾರೆ ಕೂಡ. ನಮ್ಮ ಪಾಲಿಗೆ ಬಂದದ್ದು ಅಣೆಕಟ್ಟು. ನಿಮ್ಮ ಕಾಲದಲ್ಲಿ ಅದನ್ನು ಕಟ್ಟಿದ್ದರೆ ನಮ್ಮೂರು ಮುಳುಗುತ್ತಿತ್ತಂತೆ. ಕಟ್ಟಲಿಲ್ಲವಂತೆ. ಹಾಗಾಗಿ ವರ್ಷಕ್ಕೊಮ್ಮೆ ಒಲೆ ಆರಿಸಿ, ಹೊಸ್ತಿಲಿಗೆ ಹಣೆ ಹಚ್ಚಿ, ಬೀಸುಕಲ್ಲು ಹೊತ್ತು ಗುಡ್ಡ ಹತ್ತುತ್ತೇವೆ. ಕೆಳಗಿನ ಊರನ್ನು ನೋಡುತ್ತ ಅಳುತ್ತೇವೆ. ಆಮೇಲೆ ಇಳಿದು ಬಂದು ಹೋಳಿಗೆ ಉಣ್ಣುತ್ತೇವೆ.

ಈ ಸಲ ನಮ್ಮ ಅತ್ತೆ ಬಾಳವ್ವನವರು ಇಳಿಯಲಿಲ್ಲ.

ಮೊದಲು ಎಲ್ಲರೂ ನಕ್ಕರು. ನಮ್ಮ ಮನೆಯವರು ತಾಯಿಯನ್ನು ರಮಿಸಿದರು, ಗದರಿದರು. ಅತ್ತೆ ಕೆಳಗೆ ಕಾಣುವ ನಮ್ಮ ಮನೆಯ ಮಾಳಿಗೆಯ ಕಡೆ ಬೆರಳು ಮಾಡಿ, “ಯಪ್ಪಾ, ನೀರಾಗ ಹ್ಯಾಂಗ ಇಳೀಲಿ? ನನಗ ಈಜು ಬರೂದಿಲ್ಲ,” ಎಂದರು. ನೀರು ತಗ್ಗದೆ ಅವರು ಇಳಿಯರು, ಇಲ್ಲದ ನೀರು ತಗ್ಗುವುದೆಂತು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಯಿತು. ಗುಡ್ಡದ ಗಾಳಿ ಜೋರಾಗಿತ್ತು, ಅವರ ಮೈ ಕೆಂಡದಂತೆ ಸುಡುತ್ತಿತ್ತು. ಅಲ್ಲೇ ಬಿಟ್ಟರೆ ಉಳಿಯುವ ಜೀವವಲ್ಲ. ಹಬ್ಬದ ಅಳು ಮುಗಿಸಿದ್ದ ನನಗೆ ನಿಜವಾದ ಅಳು ಬಂತು.

ಕೊನೆಗೆ ನಾನೇ ಹೊಳೆಯಿಂದ ಹರಿಗೋಲು ತರಿಸಿದೆ. ಅತ್ತೆ ಹತ್ತಿ ಕುಳಿತರು. ಮನೆಯವರೂ ಅಣ್ಣತಮ್ಮಂದಿರೂ ಅದನ್ನು ಹೆಗಲ ಮೇಲೆ ಹೊತ್ತು ಒಣ ಓಣಿಯಲ್ಲಿ ಇಳಿದರು. ಯಾರೋ ಮೆಲ್ಲಗೆ, ಇಲ್ಲಿ ಸುಳಿ ಇದೆ ಎಂದರು. ಹೊತ್ತವರು ಬಳಸಿ ನಡೆದರು. ಗುಡಿಯ ಶಿಖರ ನಮ್ಮ ತಲೆಯ ಮೇಲಿತ್ತು. ಅತ್ತೆ ಅಂಚಿನಿಂದ ಬಗ್ಗಿ, ಗುಡಿ ನೀರಡಿಯಲ್ಲಿದೆ ಎಂಬಂತೆ ಆಳಕ್ಕೆ ನೋಡಿ ಕೈಮುಗಿದರು. ನಾನೂ ಆಳಕ್ಕೆ ನೋಡಿದೆ.

ಈಗ ಅವರು ಗಂಜಿ ಕುಡಿದು ಮಲಗಿದ್ದಾರೆ. ಜ್ವರ ಇಳಿದಿದೆ. ಇದನ್ನು ಬರೆಯಲು ಹಾಳೆ ತರಲೆಂದು ಹೊರಟಾಗ ನಾನು ಹೊಸ್ತಿಲಲ್ಲಿ ಸೀರೆಯ ನೆರಿಗೆ ಎತ್ತಿಕೊಂಡೆ. ಯಾಕೆಂದು ನನಗೆ ತಿಳಿಯಲಿಲ್ಲ.

ಹಿರಿಯರೇ, ನೀವು ಅಣೆಕಟ್ಟಿನ ಮಾತು ಇನ್ನೂ ಆಡುತ್ತಿರುವ ಕಾಲದವರು. ಅದು ಯಾಕೆ ನಿಂತಿತು, ಯಾರು ಅಡ್ಡ ನಿಂತರು ಎಂದು ನಮಗೆ ಯಾರೂ ಹೇಳಲಿಲ್ಲ, ಅಳುವುದನ್ನಷ್ಟೇ ಕಲಿಸಿದರು. ನೀವಾದರೂ ಹೇಳಿ ಕಳಿಸಿ. ಅಲ್ಲಿಯವರೆಗೆ ಹರಿಗೋಲನ್ನು ಬಾಗಿಲ ಕಂಬಕ್ಕೇ ಕಟ್ಟಿರುತ್ತೇನೆ.