ಬೇಡದ ತಲೆಸ್ನಾನ

ಹೊಳೆನರಸೀಪುರ, ಮಂಗಳವಾರ, 12 ನವೆಂಬರ್ 2024

ಸಂಜೆ ಅತ್ತೆ ಅಂದ ಮಾತು ನಿದ್ದೆ ಮಾಡಲು ಬಿಡುತ್ತಿಲ್ಲ.

ಮದುವೆಯಾದಾಗಿನಿಂದ ನಸುಕಿನ ನಮಾಜಿಗೆ ಮುಂಚೆ ಅವರು ನನಗೆಂದೇ ಹಂಡೆಗೆ ಉರಿ ಹಾಕುತ್ತಾರೆ. ಗಂಡ ಹೆಂಡತಿ ಕೂಡಿದ ಮೇಲೆ ತಲೆಗೆ ಮೀಯದೆ ನಮಾಜು ಮಾಡುವಂತಿಲ್ಲ. ನಮ್ಮಿಬ್ಬರ ನಡುವೆ ಇನ್ನೂ ಏನೂ ಆಗಿಲ್ಲ. ಅದು ಅವರಿಗೆ ತಿಳಿಯಬಾರದೆಂದು ವಾರಕ್ಕೆರಡು ಸಲ ಸುಮ್ಮನೆ ಮೀಯುತ್ತೇನೆ. ಅವರ ಪಕ್ಕ ನಮಾಜಿಗೆ ನಿಂತಾಗ ಒದ್ದೆ ಕೂದಲು ಬೆನ್ನು ಕೊರೆಯುತ್ತದೆ.

ಇವತ್ತು ನನಗೆ ಹೊಟ್ಟೆನೋವು ಅಂತ ಅತ್ತೆಗೆ ಸುಳ್ಳು ಹೇಳಿ ಇವರ ಜೊತೆ ಹಾಸನಕ್ಕೆ ಹೋಗಿದ್ದೆ. ಡಾಕ್ಟರಮ್ಮ ಗದರಲಿಲ್ಲ.

"ನಿನ್ನ ಮೈಯಲ್ಲಿ ಏನೂ ಕೊರತೆ ಇಲ್ಲ ಕಣಮ್ಮ. ಹೆದರಿಕೆಗೆ ಅದು ತಾನೇ ಬಿಗಿ ಹಿಡೀತದೆ. ಸಡಿಲ ಬಿಡೋದನ್ನ ಹಂತಹಂತವಾಗಿ ಹೇಳ್ಕೊಡ್ತೀನಿ. ನಾನು ಹೇಳೋಗಂಟ ಇಬ್ಬರೂ ಪ್ರಯತ್ನನೇ ಮಾಡಬೇಡಿ."

ಯಾರು ಹೆದರಿಸಿದ್ದು ಎಂದೂ ಕೇಳಿದರು. ಮದುವೆಯ ಹಿಂದಿನ ದಿನ ಅರಕಲಗೂಡಿನ ಅಕ್ಕ ನಗುನಗುತ್ತಾ ಹೇಳಿದ ಮೊದಲ ರಾತ್ರಿಯ ರಕ್ತದ ಕಥೆ ನೆನಪಾಯಿತು. ಅದನ್ನು ಡಾಕ್ಟರಮ್ಮನಿಗೆ ಹೇಳುವಾಗಲೂ ನನ್ನ ಮುಷ್ಟಿ ಬಿಗಿದೇ ಇತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಕಡಲೆಕಾಯಿ ಸುಲಿದು ಸುಲಿದು ನನ್ನ ಅಂಗೈಗೆ ಹಾಕಿದರು. ಇವರ ಬೆರಳು ತಗುಲಿದರೂ ನಾನು ಬೆಚ್ಚಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಟೀ ಕೊಟ್ಟರು. ಹೊಟ್ಟೆನೋವಿನ ವಿಷಯವನ್ನೇ ಎತ್ತಲಿಲ್ಲ.

"ನಿಮ್ಮಿಬ್ಬರದು ಸರಿಹೋಗೋಗಂಟ ಚಳೀಲಿ ತಲೆ ನೆನೆಸ್ಕೋಬೇಡ ಬೇಟಿ. ನಾಳೆಯಿಂದ ಹಂಡೆಗೆ ಉರಿ ಹಾಕಲ್ಲ," ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಹಾಗಾದರೆ ಅವರಿಗೆ ಎಂದಿನಿಂದ ಗೊತ್ತಿತ್ತು? ಇವರನ್ನು ಕೇಳಿದರೆ, ನಾನಂತೂ ಹೇಳಿಲ್ಲ ಎನ್ನುತ್ತಾರೆ. ಎಲ್ಲ ಗೊತ್ತಿದ್ದೂ ಕತ್ತಲಲ್ಲೇ ಎದ್ದು, ಹೊಗೆಗೆ ಕೆಮ್ಮುತ್ತಾ, ನನ್ನ ಸುಳ್ಳಿಗೆ ನೀರು ಕಾಯಿಸುತ್ತಿದ್ದರೇ?