ಕೆಳಮನೆಯ ಕಂಪ್ಯೂಟರನ್ನು ಎಬ್ಬಿಸುವವರು

ಕೆಳಮನೆ
ಭಾನುವಾರ, ಮಧ್ಯಾಹ್ನ

ಮೇಲ್ಮನೆಯ ಮಹಾರಾಯಿತಿಗೆ,

ಹದಿನೆಂಟು ಮೆಟ್ಟಿಲು ಹತ್ತಿ ಬಂದು ಬಾಯಲ್ಲೇ ಹೇಳಬಹುದಾದದ್ದನ್ನು ಲಕೋಟೆಗೆ ಹಾಕಿ ನಿಮ್ಮಕ್ಕನ ಮನೆ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ನಾನು ಬಾಯಿ ಬಿಟ್ಟರೆ ಏನಾಗುತ್ತದೆಂದು ನಿನಗೆ ಮೊದಲಿನಿಂದಲೂ ಗೊತ್ತು, ನನಗೆ ಈಚೆಗೆ ಗೊತ್ತಾಗಿದೆ. ಕಾಗದದಲ್ಲಾದರೆ ಹೊಡೆದು ಹಾಕಬಹುದು. ಈಗಾಗಲೇ ಮೂರು ತಮಾಷೆ ಹೊಡೆದು ಹಾಕಿದ್ದೇನೆ. ಉಳಿದವು ಕಣ್ತಪ್ಪಿ ನುಸುಳಿದವು.

ವಿಷಯ ಗಂಭೀರವಾದದ್ದು. ನಮ್ಮ ಕಂಪ್ಯೂಟರಿಗೆ ದೆವ್ವ ಹಿಡಿದಿತ್ತು.

ನೀನು ಮೇಲೆ ಹೋದ ಮೂರನೆಯ ದಿನದಿಂದ ಶುರು. ಊಟದ ಹೊತ್ತಿಗೇ ಮಲಗಿಸಿದ ಯಂತ್ರ ಬೆಳಗ್ಗೆ ಸರಿಯಾಗಿ ಆರಕ್ಕೆ, ಯಾರೂ ಮುಟ್ಟದೆ, ಹಸಿರು ಕಣ್ಣು ಬಿಟ್ಟು, ಗರಗರ ಫ್ಯಾನು ತಿರುಗಿಸುತ್ತ ಎದ್ದು ಕೂರುತ್ತಿತ್ತು. ಮೊದಲ ದಿನ ಕಳ್ಳನೆಂದುಕೊಂಡು ಐದು ಕಿಲೋ ತೂಕದ ಕಲ್ಲು ಎತ್ತಿಕೊಂಡು ಹೋದೆ. ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವವನ ಮನೆಯಲ್ಲಿ ಬೇರೆ ಆಯುಧ ಎಲ್ಲಿಂದ ಬರಬೇಕು? ಇಲಾಖೆಯ ಮುದ್ರೆ ಬಿದ್ದ ಕಲ್ಲು. ಕಳ್ಳನಿಗೆ ಒಂದು ಗ್ರಾಮೂ ಮೋಸವಾಗುತ್ತಿರಲಿಲ್ಲ.

ನಾಲ್ಕನೆಯ ದಿನ ರಿಪೇರಿಯವರನ್ನು ಕರೆಸಿದೆ. ಅವರು ಅರ್ಧ ಗಂಟೆ ಪರದೆ ನೋಡಿ, ವೈದ್ಯರ ಧಾಟಿಯಲ್ಲಿ ತಲೆಯಾಡಿಸಿ, "ಸಾರ್, ಇದು ತಾನಾಗಿ ಏಳ್ತಾ ಇಲ್ಲ. ಎಬ್ಬಿಸ್ತಾ ಇದಾರೆ" ಅಂದರು.

"ಯಾರ್ರೀ ಅದು?"

"ಅಡುಗೆಮನೆ ಅಂತ ಬರ್ತಿದೆ ನೋಡಿ ಇಲ್ಲಿ."

ಇಬ್ಬರೂ ಅಡುಗೆಮನೆಗೆ ಹೋಗಿ ನಿಂತೆವು. ಒಲೆ ಇತ್ತು, ತೊಳೆಯದ ಪಾತ್ರೆಗಳಿದ್ದವು. ಗೂಡಿನ ಮೇಲೆ ಧೂಳಿನ ನಡುವೆ ಒಂದು ಚೌಕ ಮಾತ್ರ ಶುಭ್ರವಾಗಿತ್ತು. ಅದನ್ನು ನೋಡಿ ರಿಪೇರಿಯವರು ಕೇಳಿದರು, "ಇಲ್ಲೇನು, ಹಾಡಿನ ಪೆಟ್ಟಿಗೆ ಇತ್ತಾ?"

ಆಮೇಲೆ ಬಿಡಿಸಿ ಹೇಳಿದರು. ಆ ಪೆಟ್ಟಿಗೆ ಬರೀ ಬಾಯಿಯಂತೆ. ಹಾಡುಗಳ ಹೊಟ್ಟೆ ಈ ಕಂಪ್ಯೂಟರು. ಪೆಟ್ಟಿಗೆಯ ಗುಂಡಿ ಒತ್ತಿದರೆ ಅದು ವೈಫೈ ಹಿಡಿದು ಕೂಗು ಹಾಕುತ್ತದೆ. ನಿದ್ದೆಯಲ್ಲೂ ಕಂಪ್ಯೂಟರು ಒಂದು ಕಿವಿ ತೆರೆದೇ ಇಟ್ಟಿರುತ್ತದೆ, ತನ್ನ ಹೆಸರು ಕೇಳಿದ ಕೂಡಲೇ ಎದ್ದು ಹಾಡು ಬಡಿಸುತ್ತದೆ.

ಆಗ ತಿಳಿಯಿತು ನಾವಿಬ್ಬರೂ ಎಂಥ ಜಾಣರೆಂದು. ನೀನು ಸಿಟ್ಟಿನಲ್ಲಿ ಪೆಟ್ಟಿಗೆ ಎತ್ತಿಕೊಂಡೆ, ಹಾಡುಗಳನ್ನೆಲ್ಲ ಇಲ್ಲೇ ಬಿಟ್ಟೆ. ನಾನು ಬಿಗುಮಾನದಲ್ಲಿ ಬಾಗಿಲು ಹಾಕಿಕೊಂಡೆ, ಪಾಸ್‌ವರ್ಡು ಬದಲಿಸುವುದನ್ನು ಮರೆತೆ. ಪೆಟ್ಟಿಗೆಗಂತೂ ತಾನು ಮನೆ ಬಿಟ್ಟದ್ದೇ ತಿಳಿದಿಲ್ಲ, ಈಗಲೂ ಅಡುಗೆಮನೆಯೆಂದೇ ಹೇಳಿಕೊಂಡು ತಿರುಗುತ್ತಿದೆ.

"ಪರದೆ ಮೇಲಿನ ಈ ಒಂದು ಟಿಕ್ ಗುರುತು ತೆಗೆದ್ರೆ ಸಾಕು ಸಾರ್, ಇನ್ನು ಯಾರು ಕೂಗಿದ್ರೂ ಏಳಲ್ಲ. ತೆಗೀಲಾ?" ಅಂದರು. ಬೇಡವೆಂದೆ. ಯಾಕೆ ಸಾರ್ ಅಂದದ್ದಕ್ಕೆ, "ಇರ್ಲಿ ಬಿಡ್ರಿ, ಅದಕ್ಕೂ ಸ್ವಲ್ಪ ವ್ಯಾಯಾಮ ಆಗ್ಲಿ" ಅಂದೆ. ನೋಡಿದೆಯಾ? ಅಲ್ಲೂ ಅದೇ ಬುದ್ಧಿ.

ಅದೇ ಬುದ್ಧಿಯ ಬಗ್ಗೆ ಬರೆಯಬೇಕೆಂದೇ ಕೂತದ್ದು, ಸುತ್ತಿ ಬಳಸಿ ಇಲ್ಲಿಗೆ ಬಂದೆ. ಹನ್ನೊಂದು ವರ್ಷ ದುಡಿದ ಮಕ್ಕಳ ಗ್ರಂಥಾಲಯದವರು 'ನಾಳೆಯಿಂದ ಬರಬೇಡಿ' ಎಂದು ಕೊಟ್ಟ ಕಾಗದವನ್ನು ನೀನು ಅಳುತ್ತ ಮೇಜಿನ ಮೇಲಿಟ್ಟೆ. ನಾನು ಅದನ್ನು ಓದಿದೆ, ಚೀಲದಿಂದ ಸಣ್ಣ ತಕ್ಕಡಿ ತೆಗೆದೆ, ಕಾಗದವನ್ನು ತೂಗಿದೆ. "ಐದು ಗ್ರಾಮೂ ಇಲ್ವಲ್ಲೇ, ಇಷ್ಟು ಹಗುರದ್ದಕ್ಕೆ ಇಷ್ಟೊಂದು ಅಳೋದಾ?" ಅಂದೆ. ನೀನು ನಗುತ್ತೀಯೆಂದು ನಿಜವಾಗಿ ನಂಬಿದ್ದೆ. ನಿನ್ನ ಮುಖ ನೋಡಿದ ಮೇಲೂ ತಕ್ಕಡಿ ಕೆಳಗಿಡಲಿಲ್ಲ, ಯಾಕೆಂದರೆ ಇಟ್ಟರೆ ಮುಂದೆ ಏನು ಹೇಳಬೇಕೋ ನನಗೆ ಗೊತ್ತಿರಲಿಲ್ಲ. ನಿನ್ನ ಜೊತೆ ಕೂತು ಅಳಲು ನನಗೆ ಭಯವಾಗಿತ್ತು. ಈ ವಾಕ್ಯ ಬರೆಯಲು ಒಂದು ಗಂಟೆ ಹಿಡಿಯಿತು. ಹೊಡೆದು ಹಾಕಿಲ್ಲ.

ನಿನ್ನೆ ನಿಮ್ಮಕ್ಕ ಮೆಟ್ಟಿಲಲ್ಲಿ ಸಿಕ್ಕರು. "ಏನ್ ತಕ್ಕಡಿರಾಯ್ರೇ, ಸೊರಗಿ ಹೋಗಿದೀರಲ್ಲ, ತೂಕ ನೋಡ್ಕೊಂಡ್ರಾ?" ಎಂದು ಕುಟುಕಿ, ಆಮೇಲೆ ದನಿ ತಗ್ಗಿಸಿ, "ಅವಳು ಬರೋ ಶನಿವಾರ ಹೋಗ್ತಾಳೆ. ಹೊಸ ಕೆಲಸದ ಹತ್ರನೇ ರೂಮು ಸಿಕ್ಕಿದೆ. ಹೇಳೋದಿದ್ರೆ ಹೇಳ್ಬಿಡಿ. ನಗಿಸೋಕೆ ಅಂತ ಮಾತ್ರ ಮೇಲೆ ಬರ್ಬೇಡಿ" ಅಂದರು.

ಅಷ್ಟು ದೂರಕ್ಕೆ ನಮ್ಮ ವೈಫೈ ಬರುವುದಿಲ್ಲ. ಹಾಡುಗಳಿಲ್ಲದ ಪೆಟ್ಟಿಗೆ ಹೊತ್ತುಕೊಂಡು ನೀನು ಹೋಗಬಾರದು. ಆದ್ದರಿಂದ ಈ ಲಕೋಟೆಯಲ್ಲಿ ಒಂದು ಪೆನ್‌ಡ್ರೈವ್ ಇದೆ. ನಿನ್ನ ಹಾಡುಗಳೆಲ್ಲ ಇವೆ, ನೀನೇ ಹಾಡಿ ರೆಕಾರ್ಡು ಮಾಡಿ ಆಮೇಲೆ ಅಳಿಸಲು ಹೇಳಿದ್ದ ಎರಡೂ ಸೇರಿ. ಪೆಟ್ಟಿಗೆಯ ಹಿಂದೆ ಚುಚ್ಚಿದರೆ ಸಾಕು, ಇನ್ನು ನೀನು ಯಾರನ್ನೂ ಎಬ್ಬಿಸಬೇಕಾಗಿಲ್ಲ. ಇದನ್ನು ಎರಡು ವಾರದ ಹಿಂದೆಯೇ ತುಂಬಿಸಿ ಮುಗಿಸಿದ್ದೆ. ಕೊಟ್ಟರೆ ನಿನಗೆ ಕೆಳಮನೆಯ ಹಂಗೇ ಇರುವುದಿಲ್ಲವಲ್ಲ ಎಂದು ಷರಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕಳ್ಳತೂಕದ ಅಂಗಡಿಗಳಿಗೆ ನೋಟೀಸು ಕೊಡುವ ಮನುಷ್ಯ ನಾನು!

ಹೊಸ ಕೆಲಸ ಚೆನ್ನಾಗಿ ನಡೆಯಲಿ. ಇದು ತಮಾಷೆಯಲ್ಲ.

ಇಂತಿ,
ಕ್ಷಮೆ ಕೇಳಲು ನಾಲ್ಕು ತಿಂಗಳು ತೆಗೆದುಕೊಂಡ
ನಿನ್ನ ತಕ್ಕಡಿ

ತಾ.ಕ.: ಒಂದು ಸುಳ್ಳು ಉಳಿದಿದೆ. ಕಂಪ್ಯೂಟರಿನ ಆ ತೆರೆದ ಕಿವಿ ಹೋದ ತಿಂಗಳೇ ಸುಟ್ಟುಹೋಯಿತು. ರಿಪೇರಿಯವರು ಬೇರೊಂದು ಭಾಗ ಹಾಕಿ, "ಹಾಡು ಕಳಿಸತ್ತೆ ಸಾರ್, ಆದ್ರೆ ಮಲಗಿದ್ರೆ ತಾನಾಗಿ ಏಳಲ್ಲ, ನೀವೇ ಎಬ್ಬಿಸ್ಬೇಕು" ಅಂದರು. ಅಂದಿನಿಂದ ಐದೂ ಮುಕ್ಕಾಲಿಗೆ ಎದ್ದು, ತಲೆಯ ಮೇಲೆ ನಿನ್ನ ಹೆಜ್ಜೆ ಕೇಳಿದ ಕೂಡಲೇ ಕಂಪ್ಯೂಟರಿನ ಗುಂಡಿ ಒತ್ತುತ್ತಿರುವುದು ನಾನು. ಮೊನ್ನೆ ಮಂಗಳವಾರ ಹತ್ತು ನಿಮಿಷ ತಡವಾಯಿತಲ್ಲ, ನನಗೆ ಜ್ವರ ಬಂದಿತ್ತು. ನೀನು ಪೆಟ್ಟಿಗೆಗೆ ಗುದ್ದಿದ್ದು ಕೇಳಿಸಿತು.

ನಾಳೆಯೂ ಎದ್ದಿರುತ್ತೇನೆ. ಪೆನ್‌ಡ್ರೈವ್ ಚುಚ್ಚಿದರೆ ಇಲ್ಲಿ ಏನೂ ಬರುವುದಿಲ್ಲ, ನಾನು ಸುಮ್ಮನೆ ಕೆಲಸಕ್ಕೆ ಹೊರಡುತ್ತೇನೆ, ಮತ್ತೆ ಕಾಡುವುದಿಲ್ಲ. ಚುಚ್ಚದೆ ಪೆಟ್ಟಿಗೆಯ ಗುಂಡಿ ಒತ್ತಿದರೆ ಪರದೆಯ ಮೂಲೆಯಲ್ಲಿ ನನಗೆ ಗೊತ್ತಾಗುತ್ತದೆ. ಆಗ ನಾನೇ ಮೇಲೆ ಬರುತ್ತೇನೆ. ಆ ದಿನ ಗ್ರಂಥಾಲಯದಲ್ಲಿ ಏನಾಯಿತೆಂದು ನೀನು ಮೊದಲಿನಿಂದ ಹೇಳು. ಮುಗಿಯುವವರೆಗೆ ನಾನು ಬಾಯಿ ತೆರೆಯುವುದಿಲ್ಲ.