ಹನ್ನೊಂದನೇ ಸಾಲು

ಮಾರ್ಚ್ 3, ಸೋಮವಾರ

ಮತ್ತೆ ಲೈಬ್ರರಿ. ಮತ್ತೆ ಅದೇ ಮೂರನೇ ಕಂಪ್ಯೂಟರ್ — ಸ್ಪೇಸ್ ಬಾರ್ ಒತ್ತಿದರೆ ಸಾಲದು, ಗುದ್ದಬೇಕು. ನರ್ಸಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹತ್ತು ಲೇಖನ ಬೇಕು. ಸಿಕ್ಕಿರುವುದು ಎರಡು. ಡೇಟಾಬೇಸಿನಲ್ಲಿ ‘ಕೆಮ್ಮು, ಧೂಳು’ ಅಂತ ಹುಡುಕಿದೆ. ನಲವತ್ತೊಂದು ಸಾವಿರ ಬಂತು. ಕೋಳಿ ಸಾಕುವವರ ಕೆಮ್ಮು, ಕುದುರೆಗಳ ಕೆಮ್ಮು... ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅನ್ನೋಣ ಅಂದರೆ ಇಲಿಯೂ ಸಿಗಲಿಲ್ಲ.

ಗೈಡಿಗೆ ನಾವಿಟ್ಟ ಹೆಸರು ಫಾರ್ಮ್ಯಾಟ್ ಸರ್. ಲೇಖನ ವಿದ್ವತ್ ಪತ್ರಿಕೆಯದೇ ಆಗಿರಬೇಕು, ಹತ್ತು ವರ್ಷದೊಳಗೆ ಬಂದಿರಬೇಕು. ಅದಕ್ಕೇ ಪರದೆಯ ಎಡಗಡೆ ‘ಕಳೆದ ಹತ್ತು ವರ್ಷ’ ಅನ್ನುವ ಚೌಕಕ್ಕೆ ಎಲ್ಲರೂ ಕಣ್ಣು ಮುಚ್ಚಿ ಟಿಕ್ ಹಾಕುತ್ತೇವೆ.

ಮನೆಗೆ ಬಂದಾಗ ಅಪ್ಪ ಕುರ್ಚಿಯಲ್ಲೇ. ಮಲಗಿದರೆ ಉಸಿರು ಕಟ್ಟುತ್ತದೆ. ಎರಡು ತಿಂಗಳಿಂದ ಕೂತೇ ನಿದ್ದೆ. ಪಕ್ಕದಲ್ಲಿ ಆಕ್ಸಿಜನ್ ಮಷೀನ್ ಗುಂಯ್ ಅನ್ನುತ್ತಲೇ ಇರುತ್ತದೆ. ಹದಿನೆಂಟು ವರ್ಷ ಕಲ್ಲುಪುಡಿ ಕಾರ್ಖಾನೆಯಲ್ಲಿ ಜರಡಿ ಹಿಡಿದವರು. ಆದರೆ ಅಮ್ಮನ ಲೆಕ್ಕದಲ್ಲಿ ತಪ್ಪೆಲ್ಲ ಸಿಗರೇಟಿನದು. ಕಾರ್ಖಾನೆ ಡಾಕ್ಟರ್ ಹಾಗೇ ಹೇಳಿದ್ದರಂತೆ.

“ಬೇಡ ಬೇಡ ಅಂತ ಬಡ್ಕೊಂಡೆ. ಕೇಳಿದ್ರಾ? ಈಗ ಅನುಭವಿಸಿ.”

“ಹೂಂ ಕಣೇ. ನಾನೇ ಮಾಡ್ಕೊಂಡಿದ್ದು.”

ಅದನ್ನು ಕೇಳಲಾರೆ. ಈ ವಿಷಯ ಆರಿಸಿಕೊಂಡದ್ದೇ ಅದಕ್ಕೆ. ಅಮ್ಮನ ಮುಂದೆ ಹಿಡಿಯಲು ಒಂದು ಕಾಗದ ಬೇಕು, ಧೂಳು ಅಂತ ಬರೆದಿರುವ ಕಾಗದ.

ಮಾರ್ಚ್ 5, ಬುಧವಾರ

ಲೈಬ್ರರಿ ಮೇಡಂ ಬಂದು ಹಿಂದೆ ನಿಂತರು. “ಕೆಮ್ಮು ಅಂತ ಹುಡುಕಿದ್ರೆ ಊರೆಲ್ಲ ಕೆಮ್ಮುತ್ತೆ. ಕಾಯಿಲೆ ಹೆಸರು ಹಾಕು. ಕೆಲಸದ ಹೆಸರು ಹಾಕು. ಆ ಚೌಕ ತೆಗಿ ಮೊದಲು.”

“ಮೇಡಂ, ಹತ್ತು ವರ್ಷದೊಳಗಿಂದೇ ಬೇಕು.”

“ಬೇಕಾಗಿರೋದು ಕೊಡೋಕೆ. ನೋಡೋಕೇನು ತೊಂದ್ರೆ?”

ತೆಗೆದೆ. ಏಳನೇ ಫಲಿತಾಂಶ. ಶೀರ್ಷಿಕೆಯಲ್ಲಿ ನಮ್ಮೂರ ಹೆಸರು! ಕಲ್ಲುಪುಡಿ ಕಾರ್ಖಾನೆಯೊಂದರ ನಲವತ್ತು ಕಾರ್ಮಿಕರ ಶ್ವಾಸಕೋಶದ ಅಧ್ಯಯನ. ನಮ್ಮೂರಲ್ಲಿ ಅಂಥ ಕಾರ್ಖಾನೆ ಇದ್ದದ್ದೇ ಒಂದು. ಲೇಖನ ಬಂದು ಹತ್ತೊಂಬತ್ತು ವರ್ಷ ಆಗಿದೆ. ಕೆಳಗೆ — ಇದನ್ನು ಉಲ್ಲೇಖಿಸಿದವರು: ಸೊನ್ನೆ.

ಸಾರಾಂಶ ಮಾತ್ರ ಇದೆ, ಪೂರ್ತಿ ಲೇಖನ ಇಲ್ಲ. ಬೇರೆ ಕಾಲೇಜಿನಿಂದ ತರಿಸಿಕೊಡುತ್ತೇನೆ ಅಂದರು ಮೇಡಂ.

ಮಾರ್ಚ್ 6

ಫಾರ್ಮ್ಯಾಟ್ ಸರ್ ಪರದೆಯ ಪ್ರಿಂಟ್ ನೋಡಿ ವಾಪಸ್ ತಳ್ಳಿದರು. “ಹಳೇದಮ್ಮ. ಲೆಕ್ಕಕ್ಕೆ ಬರಲ್ಲ.”

“ನಮ್ಮೂರಿಂದು ಸರ್.”

“ಯಾವೂರಿಂದಾದ್ರೇನು? ಹತ್ತು ಅಂದ್ರೆ ಹತ್ತು.”

ಸಂಜೆ ಅಪ್ಪನನ್ನು ಕೇಳಿದೆ. ನೆನಪಿದೆ ಅವರಿಗೆ. “ಒಂದು ವ್ಯಾನ್ ಬಂದಿತ್ತು. ಅಂಗಿ ಬಿಚ್ಚಿಸಿ ಎದೆ ಫೋಟೋ ತೆಗೆದ್ರು. ಬಿಸ್ಕತ್ತು ಕೊಟ್ರು.”

“ಆಮೇಲೆ ಏನಂದ್ರು?”

“ಏನೂ ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ತಾನೇ?”

ಮಾರ್ಚ್ 14, ಶುಕ್ರವಾರ

ಬಂತು. ಲೇಖನದ ಒಂಬತ್ತು ಪುಟ, ಓರೆಯಾಗಿ ಸ್ಕ್ಯಾನ್ ಮಾಡಿದ್ದು. ನಲವತ್ತು ಜನರಲ್ಲಿ ಹದಿನೆಂಟು ಜನಕ್ಕೆ ಆಗಲೇ ಶ್ವಾಸಕೋಶದಲ್ಲಿ ಕಲ್ಲುಧೂಳಿನ ಕಲೆ. ಐದನೇ ಪುಟದಲ್ಲಿ ಆ ಹದಿನೆಂಟು ಜನರ ಪಟ್ಟಿ. ಹೆಸರಿಲ್ಲ, ನಂಬರ್ ಅಷ್ಟೇ.

ಹನ್ನೊಂದನೇ ಸಾಲು. ವಯಸ್ಸು ಮೂವತ್ತೊಂದು. ಜರಡಿ ವಿಭಾಗ. ಏಳು ವರ್ಷ ಸೇವೆ. ಕಾಯಿಲೆ ಆರಂಭದ ಹಂತ. ಎಡಗಡೆ ಕಾಲರ್ ಬೋನಿನಲ್ಲಿ ಹಳೆಯ ಮುರಿತ, ಸೊಟ್ಟಗೆ ಕೂಡಿದೆ.

ಅಪ್ಪ ಚಿಕ್ಕವರಿದ್ದಾಗ ಮರದಿಂದ ಬಿದ್ದದ್ದು. ಆ ಗಂಟನ್ನು ನಾನು ಒತ್ತಿದರೆ ‘ಟ್ರಿಣ್’ ಅನ್ನುತ್ತಿದ್ದರು. ಎಷ್ಟು ಸಲ ಒತ್ತಿದ್ದೇನೋ.

ಆದರೆ ಕೊನೆಯ ಕಾಲಂ: ಧೂಮಪಾನ — ಇಲ್ಲ. ಇಲ್ಲ ಅಂದರೆ? ಅಪ್ಪ ಸೇದುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಬೇರೆ ಯಾರೋ ಇರಬಹುದಾ?

ಒಂಬತ್ತನೇ ಪುಟ: ಈ ಹದಿನೆಂಟು ಜನರನ್ನು ಕೂಡಲೇ ಧೂಳಿನಿಂದ ದೂರ ಇಟ್ಟರೆ ಬಹುಪಾಲು ಜನರ ಕಾಯಿಲೆ ನಿಧಾನವಾಗಬಹುದು. ವರದಿಯನ್ನು ಕಾರ್ಖಾನೆಯ ಆಡಳಿತಕ್ಕೆ ಸಲ್ಲಿಸಲಾಗಿದೆ. ಆಡಳಿತಕ್ಕೆ ಕೃತಜ್ಞತೆಗಳು.

ಅದಾದ ಮೇಲೂ ಅಪ್ಪ ಅದೇ ಜರಡಿಯ ಮುಂದೆ ಹನ್ನೊಂದು ವರ್ಷ ನಿಂತರು. ಗೊತ್ತಿತ್ತು. ಎಲ್ಲ ಗೊತ್ತಿತ್ತು. ಬರೆದವರಿಗೆ, ಅಚ್ಚು ಹಾಕಿದವರಿಗೆ, ಕಾರ್ಖಾನೆಯವರಿಗೆ.

ಮಾರ್ಚ್ 17

ಅಪ್ಪನಿಗೆ ಹೇಳಲಿಲ್ಲ. ಅವತ್ತೇ ಕೆಲಸ ಬಿಡಿಸಿದ್ದರೆ ಅಂತ ಹೇಗೆ ಹೇಳಲಿ?

ಮಾರ್ಚ್ 23, ಭಾನುವಾರ

ಅಪ್ಪನೇ ಕೇಳಿದರು. “ಎಂಟು ದಿನದಿಂದ ಏನೋ ನುಂಗ್ಕೊಂಡು ಓಡಾಡ್ತಿದೀಯ. ಏನದು?”

ಕಾಗದ ತೆಗೆದೆ. “ಇಂಗ್ಲಿಷಾ? ನಮ್ಮ ಭಾಷೇಲಿ ಓದು.”

ಒಂದೊಂದೇ ಸಾಲು ಓದಿದೆ. ಚೀಲ ತುಂಬುವ ವಿಭಾಗ, ನಲವತ್ತನಾಲ್ಕು ವರ್ಷ. ಅಪ್ಪ ಕಣ್ಣು ಮುಚ್ಚಿ, “ಡುಮ್ಮ. ಹೋಗಿ ಆರು ವರ್ಷ ಆಯ್ತು.” ಪುಡಿ ಯಂತ್ರ, ಮೂವತ್ತೆಂಟು. “ಸಿನಿಮಾ. ಯಾವಾಗ್ಲೂ ಶಿಳ್ಳೆ ಹಾಕೋನು. ಅವನೂ ಹೋದ.” ಹತ್ತನೆಯದು ಮುಗಿಯುವಷ್ಟರಲ್ಲಿ ಎಂಟು ಜನ ಹೋಗಿದ್ದರು.

ಹನ್ನೊಂದು ಓದಿದೆ. ಅಪ್ಪನ ಕೈ ತಾನಾಗಿ ಎಡಗಡೆಯ ಗಂಟಿನ ಮೇಲೆ ಹೋಯಿತು.

“ಆದ್ರೆ ಅಪ್ಪ, ಸಿಗರೇಟು ಇಲ್ಲ ಅಂತ ಬರೆದಿದಾರೆ.”

ಅಪ್ಪ ಕಣ್ಣು ತೆರೆದರು. “ಹೌದಲ್ವಾ... ಆಗಿನ್ನೂ ಶುರು ಮಾಡಿರ್ಲಿಲ್ಲ. ಕೆಮ್ಮು ಬಿಡ್ತಾನೇ ಇರ್ಲಿಲ್ಲ. ಹೊಗೆ ಎಳೆದ್ರೆ ಕಫ ಕಿತ್ತು ಬರುತ್ತೆ ಅಂತ ಸಿನಿಮಾ ಹೇಳ್ದ.”

ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಕೈಯಲ್ಲಿ. “ಇವಳನ್ನ ಶಾಲೆಗೆ ಸೇರಿಸಿದ ವರ್ಷ,” ಅಂದಳು ನಿಧಾನಕ್ಕೆ. “ಆ ವರ್ಷವೇ ಸಿಗರೇಟಿಗೆ ಅಂತ ಮೊದಲ ಸಲ ಜಗಳ ಆಡಿದ್ದು. ವ್ಯಾನ್ ಬಂದು ಹೋದ ಮೇಲೆ.” ನೆಲದ ಮೇಲೆ ಕುಸಿದು ಕೂತಳು. “ಇಷ್ಟು ವರ್ಷ ಬೈದ್ನಲ್ರೀ ನಿಮ್ಮನ್ನ.”

“ಬಿಡು. ನಾನೂ ನಂಬಿದ್ದೆ.”

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಕಾಗದ ಮಡಚಿದೆ.

“ಮಡಚಬೇಡ. ಇನ್ನೂ ಏಳು ಜನ ಇದಾರೆ,” ಅಂದರು ಅಪ್ಪ. ಉಸಿರು ಸಾಲದೆ ನಿಲ್ಲಿಸಿ, ಮತ್ತೆ, “ಅವರ ಹೆಂಡ್ತೀರೂ ಹೀಗೇ ಬೈದಿರ್ತಾರೆ. ಓದು.”

ಅಮ್ಮ ಎದ್ದು ಪೆನ್ಸಿಲ್ ತಂದು ಕೊಟ್ಟಳು. ನಂಬರುಗಳ ಪಕ್ಕ ಹೆಸರು ಬರೆದೆವು.

ಮಾರ್ಚ್ 30, ಭಾನುವಾರ

ಮೊನ್ನೆ ಪ್ರಾಜೆಕ್ಟ್ ಕೊಟ್ಟೆ. ಹತ್ತು ಲೇಖನ, ಕೊನೆಯಲ್ಲಿ ಇದೂ. ಫಾರ್ಮ್ಯಾಟ್ ಸರ್ ಇದಕ್ಕೆ ಕೆಂಪು ಗೆರೆ ಎಳೆದರು. ಎಳೆಯಲಿ.

ಅಪ್ಪನಿಗೆ ಮಾತಾಡಲೂ ಈಗ ಉಸಿರಿಲ್ಲ. ಬೆಳಿಗ್ಗೆ ಪಟ್ಟಿಯಲ್ಲಿ ಹನ್ನೆರಡರ ಮೇಲೆ ಬೆರಳಿಟ್ಟು ಬಾಗಿಲ ಕಡೆ ತೋರಿಸಿದರು. ಹೋದೆ. ಪಂಪ್‌ಹೌಸ್ ಹಿಂದಿನ ಬೀದಿ, ನೀಲಿ ಬಾಗಿಲು. ಹನ್ನೆರಡನೆಯವನ ಹೆಂಡತಿ ಹೊಲಿಗೆ ಮಷೀನ್ ನಿಲ್ಲಿಸಿ ಎದ್ದು ಬಂದರು. ಯಾರ ಮಗಳು ಅಂತ ಹೇಳಿದೆ. ಕೂರಿಸಿದರು. ಗೋಡೆಯಲ್ಲಿ ಗಂಡನ ಫೋಟೋ, ಎಳೆ ಮುಖ.

“ಏನ್ ಮಾಡೋದಮ್ಮ,” ಅಂದರು, “ಆ ಹಾಳು ಸಿಗರೇಟು ನಮ್ಮವರನ್ನ ತಿಂದ್ಬಿಡ್ತು.”

ಚೀಲದಿಂದ ಕಾಗದ ತೆಗೆದೆ. “ಅಕ್ಕಾ, ಇಲ್ಲಿ ನೋಡಿ, ಈ ಸಾಲು ನಿಮ್ಮವರದು. ತಿಂದಿದ್ದು ಸಿಗರೇಟಲ್ಲ, ಧೂಳು.”